ಆಕಾಶ ಕಾಣುವ ತನಕ

ಅಬ್ದುಲ್ ಜಲೀಲನ ಕಸುಬಿನಲ್ಲಿ ಮುಖ್ಯವಾದ ಮಾತು ಒಂದೇ ಒಂದು. ಹನ್ನೆರಡು ವರ್ಷಗಳಿಂದ ಅವನು ಅದನ್ನು ದಿನಕ್ಕೆ ಎರಡು ಸಲವಾದರೂ ಹೇಳುತ್ತಾ ಬಂದಿದ್ದ. ಸೌದಿಯ ಕೆಂಪು ಸಮುದ್ರದ ದಡದಲ್ಲಿರುವ ಉಮ್ಲುಜಿನ ದೋಣಿಕಟ್ಟೆಯ ಮೇಲೆ ಬೆಳಿಗ್ಗೆ ಎಂಟಕ್ಕೆಲ್ಲ ಗಿರಾಕಿಗಳು ಬಂದು ಕೂರುತ್ತಿದ್ದರು. ರಿಯಾದಿನವರು, ಜಿದ್ದಾದವರು, ಕಂಪೆನಿ ರಜೆಯಲ್ಲಿ ಬಂದ ನಮ್ಮ ದೇಶದವರು, ಎಲ್ಲರೂ ಕಪ್ಪು ರಬ್ಬರಿನ ಅಂಗಿಯೊಳಗೆ ಹೊಟ್ಟೆ ತುರುಕಿಕೊಂಡು ಸಾಲಾಗಿ. ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುವವರಿಗೂ ಸಮುದ್ರದ ತಳ ನೋಡುವ ಆಸೆ! ಜಲೀಲ್ ಅವರ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಬಾಯಿಗೆ ನಳಿಗೆ ಕೊಟ್ಟು, ಎದುರಿಗೆ ನಿಂತು ಹೇಳುತ್ತಿದ್ದ. ಮೊದಲು ಅರಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಬೇಕಾದರೆ ಹಿಂದಿಯಲ್ಲಿ.

“ಕೆಳಗೆ ಹೋದ ಮೇಲೆ ನಾನು ಹೇಳಿದ್ದೆಲ್ಲ ಮರೆತರೂ ಅಡ್ಡಿಯಿಲ್ಲ, ಇದೊಂದು ಮರೆಯಬೇಡಿ. ಉಸಿರು ಕಟ್ಟಿ ಹಿಡಿಯಬೇಡಿ. ಎಳೆಯುತ್ತಾ ಇರಿ, ಬಿಡುತ್ತಾ ಇರಿ. ಮೇಲೆ ಬರುವಾಗಂತೂ ಬಿಡುತ್ತಲೇ ಬನ್ನಿ.”

ಯಾಕೆ ಎಂದು ಕೇಳುವವರು ಒಬ್ಬರಾದರೂ ಇರುತ್ತಿದ್ದರು. ಆಗ ಜಲೀಲ್ ಜೇಬಿನಿಂದ ಒಂದು ಬಲೂನು ತೆಗೆದು ಊದುತ್ತಿದ್ದ. ಆಳದಲ್ಲಿ ನೀರು ಗಾಳಿಯನ್ನು ಒತ್ತಿ ಹಿಡಿದಿರುತ್ತದೆ, ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುತ್ತಾ ಬರುತ್ತಾ ಇಮ್ಮಡಿಯಾಗುತ್ತದೆ, ಬಾಯಿ ಮುಚ್ಚಿದ್ದರೆ ಅದು ಹೋಗುವುದಾದರೂ ಎಲ್ಲಿಗೆ ಎಂದು ಕೇಳುತ್ತಾ, ಬಲೂನನ್ನು ಇನ್ನಷ್ಟು ಊದಿ, ಪಟ್ಟೆಂದು ಒಡೆಯುತ್ತಿದ್ದ. ಮಕ್ಕಳು ನಗುತ್ತಿದ್ದರು. ದೊಡ್ಡವರು ನಕ್ಕ ಹಾಗೆ ಮಾಡಿ ನಳಿಗೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಈಗ ಏಳು ತಿಂಗಳಿಂದ ಜಲೀಲ್ ಬಲೂನು ಒಡೆಯುವುದಿಲ್ಲ. ಹೇಳಬೇಕಾದ್ದನ್ನು ಗಡಿಬಿಡಿಯಲ್ಲಿ ಹೇಳಿ, ಯಾರದಾದರೂ ಪಟ್ಟಿ ಬಿಗಿಯುವ ನೆಪದಲ್ಲಿ ಮುಖ ತಿರುಗಿಸಿಬಿಡುತ್ತಾನೆ. ದೋಣಿಗಳ ಯಜಮಾನ, ಜಲೀಲನಿಗೆ ವೀಸಾ ಕೊಟ್ಟ ಕಫೀಲ್, ಮುಸ್‌ಅಬ್ ಎಂಬ ಒಳ್ಳೆಯ ಮನುಷ್ಯ, ಅದನ್ನು ಗಮನಿಸಿ ಬಲೂನು ಮುಗಿದಿರಬೇಕೆಂದು ಹೊಸ ಪೊಟ್ಟಣ ತಂದುಕೊಟ್ಟ. ಅದು ಹಾಗೆಯೇ ಬಿದ್ದುಕೊಂಡಿದೆ.

ಆ ಮುಸ್‌ಅಬನ ಕಾರನ್ನೇ ಒಂದು ದಿನದ ಮಟ್ಟಿಗೆ ಕೇಳಿ ಪಡೆದು ಜಲೀಲ್ ಮದೀನಾಕ್ಕೆ ಬಂದಿದ್ದ. ಊರಿನ ಉಮ್ರಾ ತಂಡದ ಜೊತೆ ಅಕ್ಕ ಬಂದಿದ್ದಳು. ಮಕ್ಕಾ ಮುಗಿಸಿ ಮದೀನಾದಲ್ಲಿ ನಾಲ್ಕು ದಿನ. ಅದರಲ್ಲಿ ಒಂದು ದಿನ ತನ್ನನ್ನು ಉಮ್ಲುಜಿಗೆ ಕರೆದುಕೊಂಡು ಹೋಗಬೇಕೆಂದು ಅವಳು ಊರಿನಿಂದ ಹೊರಡುವ ಮೊದಲೇ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಮಗ ಮಲಗಿದ ಊರನ್ನು ನೋಡಬೇಕು, ಅಷ್ಟೇ. ಅಕ್ಕ ಮೈಮೂನತ್ ಹೆಚ್ಚು ಕೇಳುವ ಹೆಂಗಸಲ್ಲ, ಆದರೆ ಕೇಳಿದ್ದನ್ನು ಬಿಡುವವಳೂ ಅಲ್ಲ.

ಸುಬಹ್ ನಮಾಜು ಮುಗಿದು ಬೆಳಕು ಹರಿಯುತ್ತಿತ್ತು. ಹೋಟೆಲಿನ ಬಾಗಿಲಲ್ಲಿ ಅಕ್ಕ ಒಂದು ಕೈಚೀಲ ಹಿಡಿದು ನಿಂತಿದ್ದಳು. ಜಲೀಲ್ ಊರಿಗೆ ಹೋಗಿ ಬಂದ ಮೇಲಿನ ಮೂರು ವರ್ಷದಲ್ಲಿ ಹತ್ತು ವರ್ಷ ಹೆಚ್ಚಾದ ಹಾಗೆ ಕಂಡಳು. ತಮ್ಮನನ್ನು ಕಂಡದ್ದೇ ಅವಳು ಅಳುತ್ತಾಳೆ, ಅತ್ತರೆ ತಾನೂ ಅತ್ತು ಅಲ್ಲೇ ಎಲ್ಲ ಹೇಳಿಬಿಡಬಹುದು ಎಂದು ಜಲೀಲ್ ಲೆಕ್ಕ ಹಾಕಿದ್ದ. ಅವಳು ಅಳಲಿಲ್ಲ. ಚೀಲದಿಂದ ಒಂದು ಬಾಟಲಿ ತೆಗೆದಳು.

“ತಗೋ, ಮನೆಯ ತೆಂಗಿನೆಣ್ಣೆ. ಉಪ್ಪುನೀರಲ್ಲಿ ಬಿದ್ದು ಬಿದ್ದು ತಲೆಯಲ್ಲಿ ಎಂತದೂ ಉಳಿಸ್ಲಿಲ್ಲ ನೀನು.”

“ಈಗ ಹಾಕಿ ಎಂತ ಮಾಡುದು ಅಕ್ಕ, ತಲೆಯಲ್ಲಿ ಬೆಳೆಯೇ ಇಲ್ಲ” ಎಂದ ಜಲೀಲ್. ಇಬ್ಬರೂ ಸ್ವಲ್ಪ ನಕ್ಕರು. ನಕ್ಕದ್ದೇ ತಪ್ಪಾಯಿತು ಎನ್ನುವ ಹಾಗೆ ಅಕ್ಕ ಚೀಲದ ಬಾಯಿ ಮುಚ್ಚಿದಳು, ಜಲೀಲ್ ಕಾರಿನ ಬಾಗಿಲು ತೆರೆದ.

ಉಮ್ಲುಜಿಗೆ ನಾಲ್ಕು ಗಂಟೆಯ ದಾರಿ. ಕಪ್ಪು ಕಲ್ಲಿನ ಗುಡ್ಡಗಳು ಒಂದರ ಹಿಂದೆ ಒಂದು ಹಾದುಹೋದವು. ಅಕ್ಕ ತಂಡದ ಸುದ್ದಿ ಹೇಳಿದಳು. ತನ್ನ ಮಂಡಿನೋವು, ಕೋಣೆಯಲ್ಲಿ ಜೊತೆಗಿರುವ ಆಯಿಶತ್ ಎಂಬ ಮುದುಕಿಯ ಗೊರಕೆ, ಊಟಕ್ಕೆ ಕುಚ್ಚಲಕ್ಕಿ ಇಲ್ಲದ ಕಷ್ಟ. ಮಗನ ಹೆಸರು ಮಾತ್ರ ಎತ್ತಲಿಲ್ಲ. ಜಲೀಲ್ ಹೂಂಗುಡುತ್ತಾ ಒಳಗೊಳಗೇ ತನ್ನ ಮಾತನ್ನು ಜೋಡಿಸಿಕೊಳ್ಳುತ್ತಿದ್ದ. ಇವತ್ತು ಹೇಳುವುದೇ ಸೈ ಎಂದು ತೀರ್ಮಾನಿಸಿ ಬಂದಿದ್ದ. ಅಂಥ ತೀರ್ಮಾನವನ್ನು ಏಳು ತಿಂಗಳಲ್ಲಿ ಎಷ್ಟು ಸಲ ಮಾಡಿ, ಎಷ್ಟು ಸಲ ಫೋನು ಕೆಳಗಿಟ್ಟಿದ್ದನೋ ಅವನಿಗೇ ಗೊತ್ತು.

ಮೈಮೂನತ್ ಅವನಿಗೆ ಅಕ್ಕ ಮಾತ್ರವಲ್ಲ. ಉಮ್ಮ ತೀರಿಕೊಂಡಾಗ ಜಲೀಲನಿಗೆ ಐದು ವರ್ಷ, ಅವಳಿಗೆ ಹನ್ನೆರಡು. ಅಂದಿನಿಂದ ಅವನಿಗೆ ಉಣ್ಣಿಸಿದ್ದು, ಮೀಯಿಸಿದ್ದು, ಹೊಡೆದದ್ದು, ಹೊಡೆದ ಮೇಲೆ ಅತ್ತದ್ದು ಎಲ್ಲವೂ ಅವಳೇ. ಬಾಪ ಸೈಕಲ್ಲಿನಲ್ಲಿ ಮೀನು ಮಾರುತ್ತಿದ್ದರು. ಅವರ ಸ್ವಂತ ತಮ್ಮ ಹೊಳೆ ಕಡಲು ಸೇರುವ ಅಳಿವೆಬಾಗಿಲಲ್ಲಿ ದೋಣಿ ಮಗುಚಿ ಹೋದವನು. ಆ ಮೇಲೆ ಬಾಪ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವರಲ್ಲ. ಮೀನು ಮಾರುವವನಿಗೆ ನೀರಿನ ಹೆದರಿಕೆ ಎಂದು ಉಳ್ಳಾಲ ಪೇಟೆಯಲ್ಲೆಲ್ಲ ತಮಾಷೆ ಮಾಡುತ್ತಿದ್ದರು. ಮಕ್ಕಳು ಹೊಳೆಯ ಬದಿಗೆ ಹೋದದ್ದು ಗೊತ್ತಾದರೆ ಬೆನ್ನಿನ ಮೇಲೆ ಬಾಸುಂಡೆ. ಹಾಗಿದ್ದರೂ ಬಾಪ ಬೆಳಿಗ್ಗೆ ಮೀನಿನ ಧಕ್ಕೆಗೆ ಹೋದ ಮೇಲೆ ಅಕ್ಕ ತಮ್ಮನನ್ನು ಹೊಳೆಗೆ ಇಳಿಸುತ್ತಿದ್ದಳು. ನೀರಿನ ಬದಿಯಲ್ಲಿ ಹುಟ್ಟಿದವರಿಗೆ ಈಜು ಬಾರದಿದ್ದರೆ ಒಂದು ದಿನ ನೀರೇ ಕೊಂಡುಹೋಗುತ್ತದೆ ಎಂಬುದು ಅವಳ ವಾದ. ಚಿಕ್ಕಪ್ಪನಿಗಾಗಿ ಅಳುವ ಮನೆಯಲ್ಲಿ ಆ ಹುಡುಗಿಗೆ ಹೊಳೆದದ್ದು ಅದು. ಎರಡು ವರ್ಷ ಹಾಗೆ ನಡೆಯಿತು. ಆಮೇಲೆ ಅವಳು ದೊಡ್ಡವಳಾದಳೆಂದು ಹೊಳೆಯ ಕಡೆ ಹೋಗುವುದೇ ನಿಂತಿತು. ಜಲೀಲನ ಈಜು ಮಾತ್ರ ಮುಂದುವರಿಯಿತು.

ಹದಿನಾರಕ್ಕೆಲ್ಲ ಅವನು ಉಚ್ಚಿಲದ ಬಂಡೆಗಳಲ್ಲಿ ಪಚ್ಚಿಲೆ ತೆಗೆಯಲು ಹೋಗುತ್ತಿದ್ದ. ಬಂಡೆಗೆ ಕಚ್ಚಿಕೊಂಡಿರುವ ಆ ಹಸಿರು ಚಿಪ್ಪುಗಳನ್ನು ಉಳಿಯಿಂದ ಎಬ್ಬಿಸಿ, ಸೊಂಟಕ್ಕೆ ಕಟ್ಟಿದ ಬಲೆಚೀಲಕ್ಕೆ ಹಾಕಿ ತರಬೇಕು. ಸಿಲಿಂಡರಿಲ್ಲ, ನಳಿಗೆಯಿಲ್ಲ, ಇರುವುದು ಒಂದೇ ಉಸಿರು. ಆ ಕೆಲಸದಲ್ಲಿ ಊರಿಗೇ ಹೆಸರಾದವನು ಜಲೀಲ್. ಅಕ್ಕನ ಗಂಡ ತೀರಿಹೋದ ಮೇಲೆ ಅವಳ ಒಬ್ಬನೇ ಮಗ ಇಮ್ತಿಯಾಜ್ ಮಾಮನ ಬಾಲದ ಹಾಗೆ ಹಿಂದೆಯೇ ತಿರುಗುತ್ತಿದ್ದ. ಅವನನ್ನೂ ಅದೇ ಬಂಡೆಯಿಂದ ನೀರಿಗೆ ಇಳಿಸಿದ್ದು ಜಲೀಲನೇ. ಆಗ ಹುಡುಗನಿಗೆ ಎಂಟು ವರ್ಷ. ಕಲಿಸಿದ ನಿಯಮ ಒಂದೇ: “ಆಕಾಶ ಕಾಣುವ ತನಕ ಉಸಿರು ಬಿಡಬೇಡ. ಎದೆ ಒಡೆದರೂ ಬಿಡಬೇಡ.” ಹುಡುಗ ಅದನ್ನು ಸಲೀಸಾಗಿ ಕಲಿತ. ಹತ್ತಕ್ಕೆಲ್ಲ ಒಂದು ನಿಮಿಷ ದಾಟಿಸಿದ. ದಡದಲ್ಲಿ ನಿಂತವರು ಹೆದರುವಷ್ಟು ಹೊತ್ತು ಒಳಗಿದ್ದು, ಆಮೇಲೆ ಬಾಣದ ಹಾಗೆ ಮೇಲೆ ಬಂದು ಮಾಮನ ಮುಖ ನೋಡಿ ನಗುತ್ತಿದ್ದ.

ಅದೇ ಇಮ್ತಿಯಾಜ್ ಇಪ್ಪತ್ತಮೂರಕ್ಕೆ ಸೌದಿಗೆ ಬಂದ. ಮೊದಲು ಒಳನಾಡಿನ ಹಾಯಿಲಿನ ಒಂದು ತೋಟದಲ್ಲಿ ಕೆಲಸ. ಕಣ್ಣು ಹಾಯಿಸಿದಷ್ಟು ಮಣ್ಣೇ ಕಾಣುತ್ತದೆ ಮಾಮಾ, ನನಗೆ ಹುಚ್ಚು ಹಿಡಿಯುತ್ತದೆ ಎಂದು ನಾಲ್ಕೇ ತಿಂಗಳಿಗೆ ಫೋನು ಮಾಡಿದ. ಜಲೀಲ್ ಮುಸ್‌ಅಬನ ಕಾಲು ಹಿಡಿದು ಅವನನ್ನು ಉಮ್ಲುಜಿಗೆ ತರಿಸಿಕೊಂಡ. ದೋಣಿ ತೊಳೆಯುವುದು, ಹಗ್ಗ ಎಸೆಯುವುದು, ಲಂಗರು ಹಾಕುವುದು ಎತ್ತುವುದು. ನನಗೂ ಸಿಲಿಂಡರು ಕಟ್ಟಿ ಇಳಿಯುವುದನ್ನು ಕಲಿಸಿ ಎಂದು ಅವನು ದಿನವೂ ಜೀವ ತಿನ್ನುತ್ತಿದ್ದ. ರಂಜಾನ್ ಮುಗಿಯಲಿ, ಕ್ರಮವಾಗಿ ಕಲಿಸಿ ಪರವಾನಗಿಯ ಕಾರ್ಡು ಮಾಡಿಸಿಕೊಡುತ್ತೇನೆ ಎಂದು ಜಲೀಲ್ ಮುಂದೆ ಹಾಕುತ್ತಿದ್ದ.

ರಂಜಾನಿಗೆ ಇನ್ನೂ ಮೂರು ವಾರ ಇತ್ತು. ಆ ದಿನ ಮಧ್ಯಾಹ್ನ ಅವರ ದೋಣಿ ಒಂದು ಪುಟ್ಟ ದ್ವೀಪದ ಬಳಿ ನಿಂತಿತ್ತು. ದ್ವೀಪವೆಂದರೆ ಬಿಳಿ ಮರಳಿನ ಒಂದು ದಿಬ್ಬ, ಅದರ ಮೇಲೆ ನಾಲ್ಕು ಪೊದೆ. ಗಿರಾಕಿಗಳೆಲ್ಲ ಎರಡು ಸಲ ಇಳಿದು ಬಂದು ಟವಲು ಹೊದ್ದು ಕೂತಿದ್ದರು. ಹೊರಡೋಣವೆಂದರೆ ಲಂಗರು ಕೆಳಗೆ ಕಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ಎಂಟು ಮಾರು ಆಳ. ಜಲೀಲ್ ಗಿರಾಕಿಗಳ ಜೊತೆ ಎರಡು ಸಲ ಇಳಿದಿದ್ದ. ಮೈಗೆ ಬಿಡುವು ಕೊಡದೆ ಮೂರನೆಯ ಸಲ ಇಳಿಯಬಾರದು ಎಂಬುದು ಕ್ರಮ. ಇಮ್ತಿಯಾಜ್ ಅಂಗಿ ಬಿಚ್ಚಿ ಹಾರಿದ. ಬರಿಯ ಉಸಿರಿನಲ್ಲಿ ಎರಡು ಸಲ ಹೋಗಿ ಬಂದ.

“ಆಗ್ತದೆ ಮಾಮಾ, ಬಿಡಿಸ್ಲಿಕ್ಕೆ ಆಗ್ತದೆ. ಸ್ವಲ್ಪ ಹೊತ್ತು ಜಾಸ್ತಿ ಬೇಕು ಅಷ್ಟೇ” ಎಂದ.

ಗಿರಾಕಿಗಳಲ್ಲಿ ಒಬ್ಬ ಯಲ್ಲಾ ಯಲ್ಲಾ ಎಂದು ಅವಸರ ಮಾಡುತ್ತಿದ್ದ. ಜಲೀಲ್ ಒಂದು ಸಿಲಿಂಡರಿಗೆ ನಳಿಗೆ ಜೋಡಿಸಿ, ಹಗ್ಗ ಕಟ್ಟಿ, ಲಂಗರಿನ ಪಕ್ಕಕ್ಕೆ ಇಳಿಬಿಟ್ಟ. ಕೆಳಗೆ ಹೋಗಿ ಇದಕ್ಕೆ ಬಾಯಿ ಇಟ್ಟು ಉಸಿರಾಡಿಕೊಂಡು ಕೆಲಸ ಮುಗಿಸು ಎಂದ. ಅಷ್ಟೇ ಹೇಳಿದ್ದು. ಲೋಕದ ಜನಕ್ಕೆಲ್ಲ ಮೂರು ಭಾಷೆಯಲ್ಲಿ ಹೇಳುವ ಮಾತನ್ನು ಅಕ್ಕನ ಮಗನಿಗೆ ಒಂದು ಭಾಷೆಯಲ್ಲೂ ಹೇಳಲಿಲ್ಲ. ನೀರಿನ ವಿಷಯ ಇವನಿಗೆ ಹೇಳಿಕೊಡಬೇಕೆಂದು ಅವನಿಗೆ ಅನಿಸಲೇ ಇಲ್ಲ. ಮೀನಿಗೆ ಯಾರಾದರೂ ಈಜು ಹೇಳಿಕೊಡುತ್ತಾರೆಯೇ?

ಇಮ್ತಿಯಾಜ್ ಮೂರು ನಿಮಿಷ ಕೆಳಗಿದ್ದ. ಹಗ್ಗ ಸಡಿಲವಾಯಿತು, ಲಂಗರು ಬಿಟ್ಟಿತು. ಸಿಲಿಂಡರಿನಿಂದ ಕೊನೆಯದಾಗಿ ಎದೆ ತುಂಬ ಗಾಳಿ ಎಳೆದುಕೊಂಡು, ನಳಿಗೆ ಬಿಟ್ಟು, ಬಾಯಿ ಬಿಗಿದು, ಮಾಮ ಕಲಿಸಿದ ಹಾಗೆಯೇ ಬಾಣದಂತೆ ಮೇಲೆ ಬಂದ. ಬರುವಾಗ ಒಂದು ಗುಳ್ಳೆಯನ್ನೂ ಬಿಡಲಿಲ್ಲ. ದೋಣಿಯ ಅಂಚಿನಿಂದ ಬಗ್ಗಿ ನೋಡುತ್ತಿದ್ದ ಜಲೀಲನಿಗೆ ಅದು ಕಂಡಿತು, ಕಂಡ ಕೂಡಲೇ ಅರ್ಥವೂ ಆಯಿತು, ಕೂಗಿದರೆ ನೀರಿನೊಳಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಕೂಗಿದ. ಇಮ್ತಿಯಾಜ್ ನೀರಿನಿಂದ ತಲೆ ಎತ್ತಿ, ಕೈ ಮೇಲೆ ಮಾಡಿ, ನಕ್ಕ. ಆಮೇಲೆ ಅವನ ಬಾಯಿಯಲ್ಲಿ ಕೆಂಪು ನೊರೆ ಬಂತು.

ದಡಕ್ಕೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶ್ವಾಸಕೋಶ ಹರಿದಿದೆ, ಒಳಗೆ ನೀರಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಆ ಸಂಜೆ ಊರಿಗೆ ಫೋನು ಮಾಡಿದಾಗ ಜಲೀಲನಿಗೆ ಇದನ್ನೆಲ್ಲ ಹೇಳಲು ಬಾಯಿಯೇ ಬರಲಿಲ್ಲ. ಸಮುದ್ರದಲ್ಲಿ ಮುಳುಗಿ ತೀರಿಹೋದ ಎಂದುಬಿಟ್ಟ. ಆ ಮಾತು ಊರಿನಲ್ಲಿ ಬೇರು ಬಿಟ್ಟಿತು. ನೀರಿನಲ್ಲಿ ಮುಳುಗಿ ಸತ್ತವನು ಶಹೀದ್, ಅವನಿಗೆ ಸ್ವರ್ಗ ಖಂಡಿತ ಎಂದು ಮಸೀದಿಯ ಉಸ್ತಾದರು ಮನೆಗೆ ಬಂದು ಅಕ್ಕನಿಗೆ ಸಮಾಧಾನ ಹೇಳಿದರಂತೆ. ಅಂದಿನಿಂದ ಅವಳು ಅದೊಂದನ್ನು ಹಿಡಿದುಕೊಂಡು ಎದ್ದು ಕೂತಿದ್ದಳು. ಈಗ ಜಲೀಲ್ ನಿಜ ಹೇಳಿದರೆ ಅವಳ ಕೈಯಲ್ಲಿದ್ದ ಆ ಒಂದು ಆಸರೆಯೂ ಹೋಗುತ್ತದೆ. ಹೇಳದಿದ್ದರೆ, ತನ್ನ ಮಗನ ಸಾವಿಗೆ ಕಾರಣನಾದವನಿಗೇ ತಲೆಗೆ ಹಚ್ಚಲು ಎಣ್ಣೆ ತಂದುಕೊಡುತ್ತಾಳೆ ಈ ಹೆಂಗಸು. ಯಾವುದನ್ನು ತಡೆದುಕೊಳ್ಳುವುದು?

ಉಮ್ಲುಜ್ ತಲುಪಿದಾಗ ಹತ್ತು ಗಂಟೆ. ಜಲೀಲನ ಕೋಣೆಯಲ್ಲಿ ಅಕ್ಕ ಸ್ವಲ್ಪ ಅಡ್ಡಾದಳು. ಮಧ್ಯಾಹ್ನದ ಝುಹರ್ ನಮಾಜು ಆದ ಮೇಲೆ ಕಬರಸ್ಥಾನಕ್ಕೆ ಹೋದರು. ಊರ ಹೊರಗೆ, ನಾಲ್ಕು ಗೋಡೆಯ ನಡುವೆ ಬರಿಯ ನೆಲ. ಗೋರಿಗಳ ಮೇಲೆ ಹೆಸರಿಲ್ಲ, ಕಟ್ಟೆಯಿಲ್ಲ, ತಲೆಗೊಂದು ಕಾಲಿಗೊಂದು ಕಲ್ಲು ಅಷ್ಟೇ. ಹೆಂಗಸರಿಗೆ ಒಳಗೆ ಹೋಗುವ ಹಾಗಿಲ್ಲ. ಇದನ್ನು ಜಲೀಲ್ ಮೊದಲೇ ಹೇಳಿದ್ದ, ಅಕ್ಕ ಸರಿ ಎಂದಿದ್ದಳು. ಆದರೆ ಗೇಟಿನ ಎದುರು ಬಂದು ನಿಂತಾಗ ಅವಳ ಕೈ ಕಂಬಿ ಬಿಡಲಿಲ್ಲ.

“ಯಾವುದು?” ಎಂದು ಕೇಳಿದಳು.

“ಆ ಗೋಡೆಯಿಂದ ಮೂರನೇ ಸಾಲು. ಈಚೆಯಿಂದ ಏಳನೇದು.”

ಅವಳು ಎಣಿಸಿದಳು. ಅವಳ ಕಣ್ಣಿಗೆ ಅಷ್ಟು ದೂರ ಕಾಣುವುದಿಲ್ಲವೆಂದು ಜಲೀಲನಿಗೆ ಗೊತ್ತಿತ್ತು. ಆದರೂ ಎಣಿಸಿದಳು.

“ನೀನು ಹೋಗು. ಉಮ್ಮ ಬಂದು ಇಲ್ಲಿ ನಿಂತಿದ್ದಾಳೆ ಅಂತ ಹೇಳು. ಸಲಾಂ ಹೇಳು.” ಜಲೀಲ್ ಎರಡು ಹೆಜ್ಜೆ ಹೋದ ಮೇಲೆ ಮತ್ತೆ ಕರೆದಳು. “ಜಲೀಲ್, ಇನ್ನೊಂದು. ಆ ಶುಕ್ರವಾರ ಫೋನಲ್ಲಿ ನಾನು ಹೇಳಿದ್ದು ಸಿಟ್ಟಲ್ಲಿ ಹೇಳಿದ್ದು ಅಂತ ಹೇಳು. ಮನಸ್ಸಿಂದ ಹೇಳಿದ್ದಲ್ಲ ಅಂತ. ಅದನ್ನು ಮರೀಬೇಡ.”

ಜಲೀಲನಿಗೆ ಅರ್ಥವಾಗಲಿಲ್ಲ. ಆದರೂ ಬಿಸಿಲಿನಲ್ಲಿ ನಡೆದು ಹೋಗಿ ಆ ಎರಡು ಕಲ್ಲುಗಳ ನಡುವೆ ಕೂತು, ಸಲಾಂ ಹೇಳಿ, ಅಕ್ಕ ಹೇಳಿದ್ದನ್ನು ಅಕ್ಷರ ಬಿಡದೆ ಹೇಳಿದ. ಸ್ವಂತ ಮಾತು ಒಂದನ್ನೂ ಹೇಳಲಿಲ್ಲ. ಪ್ರತಿ ಶುಕ್ರವಾರವೂ ಬಂದು ಮಾಪು ಕೇಳುತ್ತಿದ್ದ, ಕೇಳಿ ಕೇಳಿ ಅದು ತೇಯ್ದುಹೋಗಿತ್ತು.

ಹಿಂತಿರುಗಿ ಬಂದಾಗ ಅಕ್ಕ ಗೇಟಿನ ಬಳಿಯೇ ನೆಲದಲ್ಲಿ ಕೂತಿದ್ದಳು. ಅವಳನ್ನು ಎಬ್ಬಿಸಿ, ಕಾರಿನಲ್ಲಿ ಕೂರಿಸಿ, ಬಾಟಲಿಯಿಂದ ನೀರು ಕುಡಿಸಿದ. ಸಮುದ್ರ ತೋರಿಸು ಎಂದಳು.

ಗಿರಾಕಿಗಳು ಬರುವ ದೋಣಿಕಟ್ಟೆಯನ್ನು ಬಿಟ್ಟು, ಯಾರೂ ಇಲ್ಲದ ಒಂದು ಕಡೆ ಜಲೀಲ್ ಕಾರು ನಿಲ್ಲಿಸಿದ. ನೀರು ಅಲುಗದೆ ಮಲಗಿತ್ತು. ದಡದಲ್ಲಿ ತಿಳಿಹಸಿರು, ಆಚೆ ಗಾಢ ನೀಲಿ, ಇನ್ನೂ ಆಚೆ ಆ ಪುಟ್ಟ ದ್ವೀಪದ ಬಿಳಿ ಗೆರೆ. ಅಕ್ಕ ಚಪ್ಪಲಿ ಕಳಚಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ನೋಡಿದಳು.

“ಇದರಲ್ಲಿ ಅಲೆಯೇ ಇಲ್ಲ” ಎಂದಳು. ನಮ್ಮ ಕಡಲು ಕಂಡವರಿಗೆ ಅದು ಕಡಲೆಂದು ಅನಿಸುವುದೇ ಇಲ್ಲ. “ಇಷ್ಟು ಸಾಧು ನೀರಲ್ಲಿ ಅವ ಹೇಗೆ ಮುಳುಗಿದ್ದು ಜಲೀಲ್?”

ಜಲೀಲ್ ಬಾಯಿ ತೆರೆಯುವ ಮೊದಲೇ ಅವಳು ಮುಂದುವರಿಸಿದಳು. ಮುಖ ಸಮುದ್ರದ ಕಡೆಗೇ ಇತ್ತು.

“ಊರಲ್ಲಿ ಎಲ್ಲ ಕೇಳ್ತಾರೆ. ಉಚ್ಚಿಲದ ಮಳೆಗಾಲದ ಕಡಲಲ್ಲಿ ಆಡಿದವ ಮುಳುಗುದು ಹೇಗೆ ಅಂತ. ನಾನೂ ಕೇಳಿಕೊಂಡೆ. ಒಂದೇ ಉತ್ತರ ಬರುದು ನನಗೆ. ಅವ ಬೇಕೂಂತಲೇ ಮೇಲೆ ಬರ್ಲಿಲ್ಲ.”

“ಅಕ್ಕಾ!”

“ಕೇಳು. ಆ ಶುಕ್ರವಾರ ಫೋನು ಮಾಡಿದ್ದ. ಉಮ್ಮಾ, ನಾನು ಊರಿಗೇ ಬರ್ತೇನೆ, ಇಲ್ಲಿ ಮನಸ್ಸು ನಿಲ್ಲುದಿಲ್ಲ ಅಂದ. ನನಗೆ ಸಿಟ್ಟು ಬಂತು. ಮಂಗಳೂರಿನ ಅಂಗಡಿ ಬಿಟ್ಟ, ಹಾಯಿಲು ಬಿಟ್ಟ, ಈಗ ಇದೂ ಬಿಡ್ತಾನೆ ಅಂತ. ಇನ್ನೊಂದು ಸಲ ಕೆಲಸ ಬಿಟ್ಟು ಬಂದ್ರೆ ನನ್ನ ಮುಖ ನೋಡ್ಬೇಡ ಅಂದೆ. ಹಾಗೆ ಹೇಳಿ ಫೋನು ಇಟ್ಟೆ. ಮತ್ತೆ ಬಂದದ್ದು ನಿನ್ನ ಫೋನು.” ಅವಳ ದನಿ ಕುಗ್ಗಿತು. “ಶಹೀದ್ ಅಂತಾರೆ ಉಸ್ತಾದರು. ತಾನೇ ಜೀವ ತೆಗೆದುಕೊಂಡವನಿಗೆ ಎಂತ ಶಿಕ್ಷೆ ಅಂತ ನನಗೆ ಗೊತ್ತುಂಟು. ಕಾಬಾದ ಎದುರು ನಿಂತು ನಾನು ಕೇಳಿದ್ದು ಇದೊಂದೇ. ನನ್ನ ಮಗ ಹಾಗೆ ಮಾಡಿರದ ಹಾಗೆ ಮಾಡು ಅಂತ. ನೀನು ಅಲ್ಲಿದ್ದವ. ನೀನು ಹೇಳು.”

ಏಳು ತಿಂಗಳು ತನ್ನ ಪಾಪವೊಂದೇ ಲೋಕದಲ್ಲಿ ಇರುವ ಪಾಪ ಎಂದುಕೊಂಡಿದ್ದ ಜಲೀಲನಿಗೆ ನಾಚಿಕೆಯಾಯಿತು. ಅವನು ಮುಚ್ಚಿಟ್ಟ ಮಾತಿನ ಜಾಗದಲ್ಲಿ ಅಕ್ಕ ಇಂಥದ್ದೊಂದನ್ನು ಬೆಳೆಸಿಕೊಂಡು ಕೂತಿದ್ದಳು, ಊರಿನಲ್ಲಿ, ಒಬ್ಬಳೇ. ಇನ್ನು ಜೋಡಿಸುವುದಕ್ಕೆ ಏನೂ ಉಳಿದಿರಲಿಲ್ಲ. ಅವನು ಒಣ ಮರಳಿನಲ್ಲಿ ಕೂತುಬಿಟ್ಟ.

“ಅವ ಮೇಲೆ ಬಂದ ಅಕ್ಕ. ಮುಳುಗ್ಲೇ ಇಲ್ಲ. ಕೈ ಎತ್ತಿ ನಕ್ಕ. ನಾನು ಕಣ್ಣಾರೆ ನೋಡಿದ್ದೇನೆ.”

ಆಮೇಲೆ ಎಲ್ಲ ಹೇಳಿದ. ಲಂಗರು, ಸಿಲಿಂಡರು, ಹಗ್ಗ. ಮೇಲಿನಿಂದ ಕೊಂಡುಹೋದ ಉಸಿರು ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ಪಚ್ಚಿಲೆ ತೆಗೆಯುವವರಿಗೆ ಅದರಿಂದ ಏನೂ ಆಗುವುದಿಲ್ಲ, ಕೆಳಗೆ ಎಳೆದ ಉಸಿರು ಹಾಗಲ್ಲ, ಅದನ್ನು ಬಿಡುತ್ತಾ ಬರಬೇಕು ಎಂದು ಹೇಳಿದ. ಡಾಕ್ಟರು ಬರೆದದ್ದನ್ನೂ ಹೇಳಿದ. ಅಕ್ಕ ನೀರಿನಿಂದ ಬಂದು ಅವನ ಎದುರು ಕೂತು ಕೇಳಿದಳು.

“ಹಾಗಾದ್ರೆ ಅವ ಮೇಲೆ ಬರ್ತಾ ಇದ್ದ.”

“ಬರ್ತಾ ಇದ್ದ.”

“ಬದುಕ್ಲಿಕ್ಕೆ.”

“ಹೌದು ಅಕ್ಕ. ಮತ್ತೆಂತಕ್ಕೆ? ಊರಿಗೆ ಹೋಗುದು ಅಂತ ಒಂದು ದಿನ ಹೇಳ್ತಿದ್ದ, ಮರುದಿನ ಕಾರ್ಡು ಯಾವಾಗ ಮಾಡಿಸ್ತೀರಿ ಅಂತ ಕೇಳ್ತಿದ್ದ. ಅವನ ಮನಸ್ಸು ಅಷ್ಟೇ ಅಲ್ವಾ.”

ಆಗ ಅವಳು ಅತ್ತಳು. ಮದೀನಾದಲ್ಲಿ ಅಳದವಳು, ಗೇಟಿನ ಬಳಿ ಅಳದವಳು, ಬಾಯಿಗೆ ಸೆರಗು ಒತ್ತಿಕೊಂಡು ಮೈಯೆಲ್ಲ ಕುಲುಕಿ ಅತ್ತಳು. ಅದರಲ್ಲಿ ದುಃಖ ಎಷ್ಟು, ಎದೆ ಹಗುರಾದದ್ದು ಎಷ್ಟು ಎಂದು ಹೇಳಲು ಬರುವಂತಿರಲಿಲ್ಲ. ಶಹೀದನ ಮಾತನ್ನು ಅವಳು ಎತ್ತಲಿಲ್ಲ. ಅದು ನಮ್ಮನ್ನು ಸೃಷ್ಟಿಸಿದವನಿಗೆ ಗೊತ್ತು ಎಂದು ಮಾತ್ರ ಒಮ್ಮೆ ಗೊಣಗಿದಳು. ಅಳು ನಿಂತ ಮೇಲೆ ಮುಖ ಒರೆಸಿಕೊಂಡು ತಮ್ಮನನ್ನು ನೋಡಿದಳು. ಜಲೀಲ್ ಏಳು ತಿಂಗಳಿಂದ ಹೆದರುತ್ತಿದ್ದ ನೋಟ ಅದು.

“ಬಂದವರಿಗೆ ಹೋದವರಿಗೆ ಎಲ್ಲ ಹೇಳ್ತೀ. ಅವನಿಗೆ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?”

“ಅವನಿಗೆ ನೀರು ಗೊತ್ತುಂಟು ಅಂತ ಅಂದುಕೊಂಡೆ.”

“ಒಂದು ಮಾತು ಜಲೀಲ್. ಒಂದೇ ಒಂದು ಮಾತು.”

“ಹೌದು.”

“ನನಗೆ ಇದ್ದದ್ದು ಅವ ಒಬ್ಬನೇ.”

“ಹೌದು ಅಕ್ಕ.” ಉಳಿದದ್ದನ್ನೂ ಹೇಳಿ ಮುಗಿಸಿಬಿಡೋಣ ಎಂದು ಅವನೇ ಮುಂದುವರಿದ. “ಹೇಳದೆ ಇದ್ದದ್ದು ಮಾತ್ರ ಅಲ್ಲ. ಉಸಿರು ಕಟ್ಟಿ ಬರುದನ್ನು ಕಲಿಸಿದ್ದೂ ನಾನೇ. ಎಂಟು ವರ್ಷದವನನ್ನು ಬಂಡೆ ಮೇಲೆ ನಿಲ್ಲಿಸಿ ನಾನೇ ಕಲಿಸಿದ್ದು. ಆಕಾಶ ಕಾಣುವ ತನಕ ಬಿಡಬೇಡ, ಎದೆ ಒಡೆದರೂ ಬಿಡಬೇಡ ಅಂತ. ಅವ ಅದನ್ನೇ ಮಾಡಿದ.”

ಹೇಳಿ ತಲೆ ಎತ್ತಿದರೆ ಅಕ್ಕನ ಮುಖದಲ್ಲಿ ಸಿಟ್ಟು ಇರಲಿಲ್ಲ. ಯಾರೋ ಹೆಸರು ಹಿಡಿದು ಕರೆದ ಹಾಗೆ ಅವಳು ಬೆಚ್ಚಿದ್ದಳು. ಅವಳ ತುಟಿ ಆ ಮಾತನ್ನು ಸದ್ದಿಲ್ಲದೆ ಇನ್ನೊಮ್ಮೆ ಹೇಳಿಕೊಂಡಿತು.

ಆಗ ಜಲೀಲನಿಗೂ ನೆನಪಾಯಿತು. ಇಷ್ಟು ವರ್ಷ ಅದು ತನ್ನದೇ ಮಾತೆಂದು ಅವನು ನಂಬಿದ್ದ. ಬೆಳಗಿನ ಹೊಳೆ, ಸೊಂಟದ ಮಟ್ಟದ ಕಂದು ನೀರು, ತನ್ನ ಮೂಗು ಒತ್ತಿ ಹಿಡಿದ ಎರಡು ಬೆರಳು, ನೆತ್ತಿಯ ಮೇಲೆ ಒಂದು ಎರಡು ಮೂರು ಎಂದು ತಟ್ಟಿ ಎಣಿಸುವ ಕೈ. ಹನ್ನೆರಡು ವರ್ಷದ ಹುಡುಗಿಯ ಗದರು ದನಿ. ಆಕಾಶ ಕಾಣುವ ತನಕ ಬಿಡಬೇಡ, ಎದೆ ಒಡೆದರೂ ಬಿಡಬೇಡ. ಅಕ್ಷರಕ್ಕೆ ಅಕ್ಷರ ಅದೇ.

“ಜಲೀಲ್” ಎಂದಳು ಅಕ್ಕ ಮೆಲ್ಲಗೆ. “ನಿನಗೆ ಇದನ್ನು ಯಾರು ಹೇಳಿಕೊಟ್ಟದ್ದು?”

ಇವತ್ತು ಏನನ್ನೂ ಮುಚ್ಚಿಡುವುದಿಲ್ಲ ಎಂದು ನಾಲ್ಕು ಗಂಟೆಯ ದಾರಿಯುದ್ದಕ್ಕೂ ತನಗೆ ತಾನೇ ಆಣೆ ಮಾಡಿಕೊಂಡು ಬಂದವನು ಜಲೀಲ್. ಅವನು ಅಕ್ಕನ ಕೈ ನೋಡಿದ. ಮಡಿಲಲ್ಲಿ ಅವಳ ಎರಡು ಬೆರಳು ಒಂದನ್ನೊಂದು ಒತ್ತಿಕೊಂಡು ಸೆಟೆದು ನಿಂತಿದ್ದವು.

“ಬಾಪ” ಎಂದ.

ಅವಳು ಅವನನ್ನೇ ನೋಡಿದಳು.

“ಬಾಪನೇ ಹೇಳಿಕೊಟ್ಟದ್ದು ಅಕ್ಕ. ಹೊಳೆಯಲ್ಲಿ. ನನಗೆ ಚೆನ್ನಾಗಿ ನೆನಪುಂಟು.”

ಮೊಣಕಾಲು ಮುಳುಗಿದರೆ ಸಾಯುವವರ ಹಾಗೆ ಕಲಿಮಾ ಹೇಳಲು ಶುರು ಮಾಡುತ್ತಿದ್ದ ಬಾಪ. ಮಕ್ಕಳ ಒದ್ದೆ ಕೂದಲು ಕಂಡರೆ ಬೆತ್ತ ಹುಡುಕುತ್ತಿದ್ದ ಬಾಪ. ದೂರದಲ್ಲಿ ಒಂದು ದೋಣಿ ಗಿರಾಕಿಗಳನ್ನು ತುಂಬಿಕೊಂಡು ದ್ವೀಪದ ಕಡೆಯಿಂದ ಹಿಂತಿರುಗುತ್ತಿತ್ತು. ಅದು ದಡ ಮುಟ್ಟುವ ತನಕ ಇಬ್ಬರೂ ಅದನ್ನೇ ನೋಡುತ್ತಾ ಕೂತರು. ಇಳಿಹೊತ್ತಿನ ಅಸರ್ ಬಾಂಗು ಕೇಳಿಸಿತು. ಅಕ್ಕ ತಮ್ಮನ ಹೆಗಲಿಗೆ ಕೈ ಊರಿ ನಿಧಾನಕ್ಕೆ ಎದ್ದಳು. ಎದ್ದ ಮೇಲೂ ಆ ಕೈಯನ್ನು ತೆಗೆಯಲಿಲ್ಲ.

“ಹೌದು” ಎಂದಳು. “ಬಾಪನೇ ಇರ್ಬೇಕು.”